ಬಲಗಡೆ ಆರು ಡೆಸಿಬೆಲ್

ಅಕ್ಕ ಸಿಟಿ ಬಸ್ ಓಡಿಸುತ್ತಾಳೆ. ಓಡಿಸುತ್ತಿದ್ದಳು ಎನ್ನಬೇಕು, ನಾಲಿಗೆ ಇನ್ನೂ ಒಪ್ಪುವುದಿಲ್ಲ. ಅವಳ ಡ್ಯೂಟಿ ಎರಡು ತುಂಡು. ಬೆಳಿಗ್ಗೆ ಐದೂವರೆಯಿಂದ ಹತ್ತರವರೆಗೆ ಒಂದು, ಸಂಜೆ ನಾಲ್ಕರಿಂದ ಎಂಟರವರೆಗೆ ಇನ್ನೊಂದು. ನಡುವಿನ ಆರು ತಾಸು ಯಾರಿಗೂ ಬೇಡವಾದ ಹೊತ್ತು. ಮಲಗಿದರೆ ತಲೆನೋವು, ಎದ್ದು ಕೂತರೆ ಬೇಸರ. ಹಾಗಾಗಿ ನಲವತ್ತೊಂದನೆಯ ವಯಸ್ಸಿನಲ್ಲಿ ಅವಳು ಒಂದು ಗೇಮ್ ಕನ್ಸೋಲ್ ತಂದಳು, ಅದನ್ನು ಜೋಡಿಸಿಕೊಡಲು ನನ್ನನ್ನು ಕರೆದಳು.

ಜೋಡಿಸುವುದೇ ನನ್ನ ಕಸುಬು. ಟಿವಿ, ಆಂಪ್ಲಿಫೈಯರ್, ಸ್ಪೀಕರ್ ಮಾರುವ ಅಂಗಡಿಯಿಂದ ಗಿರಾಕಿಗಳ ಮನೆಗೆ ಹೋಗಿ ಎಲ್ಲವನ್ನೂ ಒಂದಕ್ಕೊಂದು ಮಾತಾಡುವಂತೆ ಮಾಡಿ ಬರುವವನು ನಾನು. ಅಕ್ಕ ನನ್ನನ್ನು ವೈರಪ್ಪ ಎನ್ನುತ್ತಾಳೆ. ಒಬ್ಬ ಗಿರಾಕಿ ಹೊಸದನ್ನು ಹಾಕಿಸಿಕೊಂಡು ನನಗೇ ಬಿಟ್ಟುಕೊಟ್ಟಿದ್ದ ಹಳೆಯ ಆಂಪ್ಲಿಫೈಯರ್ ಮತ್ತು ಐದು ಸ್ಪೀಕರುಗಳನ್ನು ಚೀಲದಲ್ಲಿ ತುಂಬಿಕೊಂಡು ಒಂದು ಬುಧವಾರ ಹನ್ನೊಂದು ಗಂಟೆಗೆ ಅವಳ ಮನೆಯ ಮೂರು ಮಹಡಿ ಹತ್ತಿದೆ.

"ದಿನಾ ಗಾಡಿ ಓಡಿಸಿ ಸಾಕಾಗಿಲ್ವಾ ನಿನಗೆ?" ಎಂದೆ. ಅವಳು ತಂದಿದ್ದ ಒಂದೇ ಒಂದು ಗೇಮ್ ಕಾರ್ ರೇಸಿನದು.

"ಇದ್ರಲ್ಲಿ ಯಾರನ್ನ ಗುದ್ದಿದ್ರೂ ಮೆಮೊ ಕೊಡಲ್ಲ ಕಣೋ. ಬ್ರೇಕ್ ಹಾಕಿದ್ರೆ ಹಿಂದಿನಿಂದ ಯಾರೂ ಬೈಯಲ್ಲ. ನಿಂತ್ಕೊಂಡೇ ನೋಡ್ತೀಯೋ, ಕೆಲಸ ಶುರು ಮಾಡ್ತೀಯೋ?"

ಹಿಂದಿನ ಕೋಣೆಯಿಂದ ಭಾವ ಇಣುಕಿದರು. ಅವರು ದಂತವೈದ್ಯರಿಗೆ ಹಲ್ಲಿನ ಸೆಟ್ ಮಾಡಿಕೊಡುವವರು. ಯಾವಾಗ ನೋಡಿದರೂ ಕೈಯಲ್ಲಿ ಯಾರದೋ ಒಂದು ದವಡೆ ಇರುತ್ತದೆ. "ಭಾಮೈದ, ಸೌಂಡು ಸ್ವಲ್ಪ ನೋಡ್ಕೊಂಡು. ನನ್ನ ಕೈ ನಡುಗಿದ್ರೆ ಯಾರೋ ಪಾಪ ಜೀವನಪೂರ್ತಿ ವಕ್ರವಾಗಿ ನಗಬೇಕಾಗುತ್ತೆ."

ಕೆಲಸ ಸಲೀಸಾಗಿ ಸಾಗಿತು. ಕನ್ಸೋಲಿನಿಂದ ಆಂಪ್ಲಿಫೈಯರಿಗೆ ಒಂದು ಕೇಬಲ್, ಅಲ್ಲಿಂದ ಟಿವಿಗೆ ಇನ್ನೊಂದು. ಮುಂದೆ ಮೂರು ಸ್ಪೀಕರ್, ಸೋಫಾದ ಹಿಂದಿನ ಗೋಡೆಗೆ ಎಡಕ್ಕೊಂದು ಬಲಕ್ಕೊಂದು. ವೈರುಗಳನ್ನು ಗೋಡೆಯಂಚಿನ ಪಟ್ಟಿಯೊಳಗೆ ಹುದುಗಿಸಿದೆ. ಗಿರಾಕಿಗಳ ಮನೆಯಲ್ಲಿ ಇಷ್ಟು ಚೆನ್ನಾಗಿ ಮಾಡುವುದಿಲ್ಲ. ಕೊನೆಗೆ ಪರೀಕ್ಷೆಯ ಸದ್ದು ಹಾಕಿದೆ. ಅದು ಪ್ರೆಶರ್ ಬಿಟ್ಟ ಟೈರಿನಂಥ ಒಂದು ಸುಯ್ಲು. ಒಂದಾದ ಮೇಲೊಂದು ಸ್ಪೀಕರಿನಲ್ಲಿ ಬಂದು ಕೋಣೆಯನ್ನು ಸುತ್ತು ಹಾಕುತ್ತದೆ.

ಸೋಫಾದ ನಡುವೆ ಕೂತ ಅಕ್ಕ ಬೆರಳು ತೋರಿಸುತ್ತ ಹೋದಳು. "ಇಲ್ಲಿ. ಇಲ್ಲಿ. ಇಲ್ಲಿ." ಬಲ ಹಿಂದಿನದಕ್ಕೆ ಬಂದಾಗ ಹುಬ್ಬು ಗಂಟಿಕ್ಕಿದಳು. "ಇದು ಮಂಕು. ಇದಕ್ಕೆ ನೀನು ಊಟ ಹಾಕಿಲ್ಲ."

ಇಂಥ ದೂರು ಬಂದಾಗ ಮಾಡುವ ಕ್ರಮವೊಂದಿದೆ. ಎಡದ ಮತ್ತು ಬಲದ ವೈರುಗಳನ್ನು ಆಂಪ್ಲಿಫೈಯರಿನ ಹಿಂದೆ ಅದಲುಬದಲು ಮಾಡಬೇಕು. ಮಾಡಿದೆ. ಆಗಲೂ ಬಲಗಡೆಯೇ ಮಂಕು ಎಂದಳು. ಅಂದರೆ ಆಂಪ್ಲಿಫೈಯರಿನ ತಪ್ಪಲ್ಲ. ಗೋಡೆಯ ಮೇಲಿನ ಸ್ಪೀಕರುಗಳನ್ನೇ ಬಿಚ್ಚಿ ಅದಲುಬದಲು ಮಾಡಿದೆ. ಆಗಲೂ ಬಲಗಡೆ. ಹಾಗಾದರೆ ಸ್ಪೀಕರಿನದೂ ಅಲ್ಲ. ಅವಳನ್ನು ಎಬ್ಬಿಸಿ, ತಲೆ ಇದ್ದ ಎತ್ತರಕ್ಕೆ ಸರಿಯಾಗಿ ಮೈಕ್ ನಿಲ್ಲಿಸಿ ಅಳೆದೆ. ಎಡಕ್ಕೂ ಬಲಕ್ಕೂ ಒಂದೇ ಅಂಕಿ ಬಂತು.

"ಅಕ್ಕ, ಒಂದ್ಸಲ ತಿರುಗಿ ಕೂರು. ಟಿವಿಗೆ ಬೆನ್ನು ಹಾಕಿ."

ಅವಳು ಸೋಫಾದ ಮೇಲೆ ಮೊಣಕಾಲೂರಿ, ಒರಗುದಿಂಬನ್ನು ಅಪ್ಪಿಕೊಂಡು ಗೋಡೆಯ ಕಡೆ ಮುಖ ಮಾಡಿದಳು. ಮತ್ತೆ ಸುಯ್ಲು ಹಾಕಿದೆ. ಇಷ್ಟು ಹೊತ್ತು ಸರಿಯಾಗಿದ್ದ ಸ್ಪೀಕರ್ ಈಗ ಮಂಕಾಗಿತ್ತು. ಮಂಕಾಗಿದ್ದದ್ದು ಸರಿಯಾಗಿತ್ತು.

"ನಿನ್ನ ಡಬ್ಬಗಳಿಗೆ ನನ್ನ ಮುಖ ಕಂಡ್ರೆ ಆಗಲ್ಲ ಅನ್ಸುತ್ತೆ" ಎಂದು ನಕ್ಕಳು.

ನಾನೂ ನಕ್ಕೆ. ವೈರು, ಆಂಪ್ಲಿಫೈಯರು, ಸ್ಪೀಕರು, ಕೋಣೆ, ನಾಲ್ಕೂ ಪಾಸಾಗಿದ್ದವು. ಇನ್ನು ಉಳಿದದ್ದು ಸೋಫಾದ ಮೇಲೆ ಮೊಣಕಾಲೂರಿ ನಗುತ್ತಿದ್ದವಳೊಬ್ಬಳೇ. ಅದು ನನಗೆ ಹೊಳೆಯಿತು. ಹೊಳೆಯಲಿಲ್ಲ ಎಂದು ಆಮೇಲೆ ನನಗೇ ನಾನು ಎಷ್ಟೋ ಸಲ ಹೇಳಿಕೊಂಡಿದ್ದೇನೆ, ಅದು ಸುಳ್ಳು.

ನಾನು ಕೆಲಸಕ್ಕೆ ಸೇರಿದ ಮೊದಲ ದಿನವೇ ಅಂಗಡಿಯ ಯಜಮಾನರು ಹೇಳಿದ್ದರು: "ಮನೆಯವರ ಹತ್ರ ಮೂರು ವಿಷಯ ಎತ್ತಬೇಡ. ಗೋಡೆ ಬಣ್ಣ, ಗಂಡ ಹೆಂಡತಿ ಜಗಳ, ಅವರ ಕಿವಿ." ಕಿವಿ ಮಂದವಾದ ಗಿರಾಕಿಗಳು ಬೇಕಾದಷ್ಟು ಜನ ಸಿಗುತ್ತಾರೆ. ಅವರಿಗೆ ಯಾವ ಕಡೆ ಕಡಿಮೆಯೋ ಆ ಕಡೆ ಮೂರೋ ನಾಲ್ಕೋ ಡೆಸಿಬೆಲ್ ಏರಿಸಿ, "ಸ್ಪೀಕರ್ ಹೊಸದಲ್ವಾ ಸರ್, ಸೆಟ್ ಆಗ್ಬೇಕು" ಎಂದು ಹೇಳಿ ಬರುವುದು ರೂಢಿ. ಅವರಿಗೂ ಸಂತೋಷ, ನಮಗೂ ಸಂತೋಷ. ಆರು ವರ್ಷ ಇದನ್ನೇ ಮಾಡಿದವನ ಹೆಬ್ಬೆರಳಿಗೆ ಎದುರಿಗಿರುವವಳು ಅಕ್ಕ ಎಂದು ತಿಳಿಯಲಿಲ್ಲ. ರಿಮೋಟ್ ತೆಗೆದುಕೊಂಡೆ. ಬಲ ಹಿಂದಿನದಕ್ಕೆ ಆರು, ಬಲ ಮುಂದಿನದಕ್ಕೂ ಆರು.

"ಈಗ?"

"ಹ್ಞಾಂ, ಈಗ ನೋಡು! ಈಗ ಬಂತು ದಾರಿಗೆ."

ಒಂದೂವರೆಗೆ ಇನ್ನೊಂದು ಮನೆಯ ಕೆಲಸವಿತ್ತು. ಮೆಟ್ಟಿಲಿಳಿಯುವಾಗ ಮೇಲಿನಿಂದ ಕಾರುಗಳ ಮೊರೆತವೂ, ಅದನ್ನು ಮೀರಿಸುವ ಅವಳ ಕೂಗೂ ಕೇಳಿಸುತ್ತಿತ್ತು: "ಸರಿಯೋ ಆಚೆ, ಬಂದೆ!"

ಮುಂದಿನ ವಾರಗಳಲ್ಲಿ ಎರಡು ಸಲ ಫೋನ್ ಮಾಡಿದ್ದಳು. ಎರಡು ಸಲವೂ ಗೆದ್ದದ್ದರ ವರದಿ. ಅವಳು ಫೋನನ್ನು ಯಾವಾಗಲೂ ಎಡಗಿವಿಗೆ ಹಿಡಿಯುವವಳು. ಮಾತಿನಲ್ಲಿ ವ್ಯತ್ಯಾಸವೇನೂ ಇರಲಿಲ್ಲ. ಕೇಳಬೇಕೆಂದು ಒಮ್ಮೆ ಅನ್ನಿಸಿತ್ತು. ಆ ಹೊತ್ತಿಗೆ ಅವಳು, "ಇಡ್ತೀನಿ, ಮೂರನೇ ಲ್ಯಾಪು" ಎಂದಳು.

ಮೂರನೆಯ ಸಲ ಕರೆದದ್ದು ಐದು ವಾರಗಳ ಮೇಲೆ. "ವೈರಪ್ಪ, ನಿನ್ನ ಬಲಗಡೆ ಮತ್ತೆ ಮಲಗಿದೆ. ಬಂದು ಎಬ್ಬಿಸು."

ಹೋದಾಗ ಬಾಗಿಲು ತೆರೆದವರು ಭಾವ. ದನಿ ತಗ್ಗಿಸಿ ಹೇಳಿದರು: "ಅವಳು ಎಲ್ಲೆಲ್ಲೋ ಒತ್ತಿ ಅದನ್ನ ಹತ್ತಕ್ಕೆ ಏರಿಸಿದ್ದಾಳೆ. ನಿನ್ನೆ ಅವಳ ಜಾಗದಲ್ಲಿ ಎರಡು ನಿಮಿಷ ಕೂತಿದ್ದೆ, ಬಲಗಿವಿ ಹಾರಿ ಹೋಯ್ತು. ಅವಳಿಗೆ ಸಾಲಲ್ವಂತೆ."

ಅಕ್ಕ ಆಟ ನಿಲ್ಲಿಸಿ ತಿರುಗಿದಳು. ಹೇಳಲು ಒಂದು ಕತೆ ಕಾದು ಕೂತಿತ್ತು. "ಮೊನ್ನೆ ಒಬ್ಬ ಬೈಕಿನೋನು ಸಿಗ್ನಲ್‌ನಲ್ಲಿ ಬಲಗಡೆ ಬಂದು ನಿಂತ. ಕನ್ನಡೀಲಿ ನೋಡಿದ್ರೆ ಬಾಯಿ ಬಡ್ಕೋತಾ ಇದಾನೆ, ಮೀನಿನ ಥರ. ಒಂದಕ್ಷರ ಕೇಳಿಸ್ತಿಲ್ಲ. ನಾನು ನಗ್ತಾ ಕೂತೆ. ಆಮೇಲೆ ಕಂಡಕ್ಟರ್ ಹೇಳಿದ, 'ಮೇಡಂ, ಒಂದು ಮೈಲಿಯಿಂದ ಹಾರ್ನ್ ಹೊಡೀತಿದ್ದ, ನೀವು ಒತ್ತಿಬಿಟ್ರಿ ಅವನನ್ನ' ಅಂತ." ನಗು ಅರ್ಧಕ್ಕೇ ನಿಂತಿತು. "ಯಾಕೋ, ಮುಖ ಯಾಕೆ ಹಾಗೆ ಮಾಡ್ಕೊಂಡೆ?"

"ಕಣ್ಣು ಮುಚ್ಚು" ಎಂದೆ. "ನಿನ್ನ ಕಿವಿ ಹತ್ರ ಬೆರಳು ಉಜ್ತೀನಿ. ಕೇಳಿಸಿದ್ರೆ ಹೇಳು."

ಎಡಗಡೆ ಉಜ್ಜಿದೆ. "ಹ್ಞೂಂ" ಎಂದಳು. ಬಲಗಡೆ ಉಜ್ಜಿದೆ. ಉಜ್ಜುತ್ತಲೇ ಇದ್ದೆ. ಹೆಬ್ಬೆರಳೂ ತೋರುಬೆರಳೂ ಬಿಸಿಯಾದವು. ಬಾಗಿಲಲ್ಲಿ ನಿಂತಿದ್ದ ಭಾವ ಕೈಯಲ್ಲಿದ್ದ ದವಡೆಯನ್ನು ಮೆಲ್ಲಗೆ ಕಪಾಟಿನ ಮೇಲಿಟ್ಟರು.

"ಶುರು ಮಾಡೋ, ಎಷ್ಟೊತ್ತು?" ಎಂದಳು ಅಕ್ಕ.

ಅವತ್ತೇ ಮಧ್ಯಾಹ್ನ ನಾನೂ ಅಕ್ಕನೂ ಆಸ್ಪತ್ರೆಗೆ ಹೋದೆವು. ಗಾಜಿನ ಗೂಡಿನಲ್ಲಿ ಅವಳನ್ನು ಕೂರಿಸಿ ಹೆಡ್‌ಫೋನ್ ಹಾಕಿದರು. ಸದ್ದು ಕೇಳಿಸಿದಾಗೆಲ್ಲ ಅವಳು ಗುಂಡಿ ಒತ್ತಬೇಕು. ಹೊರಗೆ ಕೂತ ನನಗೆ ಯಂತ್ರದ ದೀಪ ಕಾಣುತ್ತಿತ್ತು. ಎಡಗಿವಿಯ ಸರದಿಯಲ್ಲಿ ದೀಪಕ್ಕೂ ಅವಳ ಹೆಬ್ಬೆರಳಿಗೂ ಒಂದೇ ತಾಳ. ಬಲದ ಸರದಿಯಲ್ಲಿ ದೀಪ ಹತ್ತಿತು, ಆರಿತು, ಹತ್ತಿತು, ಆರಿತು. ಅವಳು ಗುಂಡಿಯ ಮೇಲೆ ಬೆರಳಿಟ್ಟುಕೊಂಡು, ಸಿಗ್ನಲ್ ಹಸಿರಾಗಲು ಕಾಯುವವಳ ಹಾಗೆ, ನೇರ ಮುಂದಕ್ಕೆ ನೋಡುತ್ತಿದ್ದಳು.

ಕಿವಿಯ ಡಾಕ್ಟರು ಚಿಕ್ಕ ವಯಸ್ಸಿನವರು. "ಇದು ಯಾವಾಗಿಂದ?" ಎಂದು ಕೇಳಿದರು.

"ಹೋದ ವಾರದಿಂದ" ಎಂದಳು ಅಕ್ಕ. "ತಲೆಸ್ನಾನ ಮಾಡುವಾಗ ನೀರು ಹೋಗಿರ್ಬೇಕು."

ಡಾಕ್ಟರು ಬರೆಯತೊಡಗಿದರು. ಅವರ ಪೆನ್ನು ಆ ಸಾಲಿನ ಕೊನೆಗೆ ಬಂತು.

"ಮೂವತ್ತೇಳು ದಿನ" ಎಂದೆ.

ಇಬ್ಬರೂ ತಿರುಗಿದರು.

"ಮೂವತ್ತೇಳು ದಿನದ ಹಿಂದೇನೇ ಕಡಿಮೆ ಇತ್ತು. ಪೂರ್ತಿ ಹೋಗಿರ್ಲಿಲ್ಲ. ನಾನು ಸ್ಪೀಕರ್ ಹಾಕ್ದೆ ಅವತ್ತು. ಅಳೆದು ನೋಡಿದ್ದೆ. ಸ್ಪೀಕರ್ ಸರಿಯಾಗೇ ಇತ್ತು."

ಡಾಕ್ಟರು ಬರೆದದ್ದನ್ನು ಹೊಡೆದುಹಾಕಿದರು. ಇಂಥ ಕಿವಿಗಳು ಕೆಲವು ಸಲ ಕಾರಣವೇ ಇಲ್ಲದೆ ಕೈಕೊಡುತ್ತವೆ ಎಂದರು. "ಮೊದಲ ಎರಡು ವಾರದಲ್ಲಿ ಬಂದಿದ್ರೆ ಮಾತ್ರೆಗೆ ಒಂದು ಅವಕಾಶ ಇತ್ತು. ವಾಪಸ್ ಬಂದೇಬಿಡ್ತಿತ್ತು ಅಂತ ನಾನು ಹೇಳಲ್ಲ. ಅವಕಾಶ ಇತ್ತು. ಈಗಲೂ ಕೊಡ್ತೀನಿ, ಆಸೆ ಇಟ್ಕೋಬೇಡಿ."

ಕಾರಿಡಾರಿನಲ್ಲಿ ಅಕ್ಕ ಬೇಗ ಬೇಗ ನಡೆದಳು. ನಾನು ಅವಳ ಬಲಕ್ಕಿದ್ದೆ. ಅವಳು ತಟ್ಟನೆ ನಿಂತು, ನನ್ನನ್ನು ಸುತ್ತಿಕೊಂಡು ಆಚೆಗೆ ಬಂದು, ನಾನು ಎಡಕ್ಕೆ ಬರುವ ಹಾಗೆ ನಿಂತಳು.

"ತಿರುಗಿ ಕೂರು ಅಂದ್ಯಲ್ಲ, ಆಗಲೇ ಗೊತ್ತಾಯ್ತಾ?"

"ಆಗಲೇ."

"ಹೇಳಕ್ಕೆ ಏನು ಕಷ್ಟ ಇತ್ತು?"

ಯಜಮಾನರ ಮಾತು ಬಾಯಿಗೆ ಬಂತು. ಅಲ್ಲಿ, ಆ ಫಿನಾಯಿಲ್ ವಾಸನೆಯಲ್ಲಿ, ಅದನ್ನು ಹೇಳುವುದಕ್ಕಿಂತ ಸುಮ್ಮನಿರುವುದು ಕಡಿಮೆ ನಾಚಿಕೆಯ ಕೆಲಸ ಅನ್ನಿಸಿತು.

"ನಮ್ಮ ಡಿಪೋದಲ್ಲಿ ಬ್ರೇಕ್ ಹಿಡೀತಿಲ್ಲ ಅಂತ ಕಂಪ್ಲೇಂಟ್ ಬರೆದ್ರೆ" ಎಂದಳು, ಸಿಟ್ಟಿಲ್ಲದೆ, ಲೆಕ್ಕ ಹೇಳಿಕೊಡುವವಳಂತೆ, "ಮೆಕ್ಯಾನಿಕ್ ಪೆಡಲ್ ಮೇಲೆ ದಪ್ಪ ರಬ್ಬರ್ ಅಂಟಿಸಿ ಕಳಿಸಿದ್ರೆ, ಅವನನ್ನ ಅವತ್ತೇ ಮನೆಗೆ ಕಳಿಸ್ತಾರೆ." ಆಮೇಲೆ ಭಾವನಿಗೆ ಫೋನ್ ಮಾಡಲು ಕಿಟಕಿಯ ಹತ್ತಿರ ಹೋದಳು.

ಮಾತ್ರೆಗಳಿಂದ ಅವಳ ಮುಖ ಒಂದಿಷ್ಟು ಊದಿಕೊಂಡಿತು, ಅಷ್ಟೇ. ಡಿಪೋದವರು ಅವಳಿಗೆ ಮೇಜು ಕೊಟ್ಟರು. ಯಾವ ಡ್ರೈವರ್ ಯಾವ ಬಸ್ಸಿಗೆ ಎಂದು ಚಾರ್ಟ್ ಬರೆಯುವ ಕೆಲಸ. ಬೆಳಿಗ್ಗೆ ಒಂಬತ್ತರಿಂದ ಐದು, ಒಂದೇ ತುಂಡು. ಹದಿನಾಲ್ಕು ವರ್ಷ ಓಡಿಸಿದ ರೂಟಿನ ನಂಬರನ್ನು ಈಗ ಬೇರೆಯವರ ಹೆಸರಿನ ಮುಂದೆ ಬರೆಯುತ್ತಾಳೆ. ಇದನ್ನು ನನಗೆ ಹೇಳಿದವರು ಭಾವ. ಹೇಳುವಾಗ ನನ್ನನ್ನು ನೋಡಲಿಲ್ಲ. ಒಂದು ಕೋರೆಹಲ್ಲನ್ನು ಉಜ್ಜುತ್ತಿದ್ದರು.

ಹೋದ ಭಾನುವಾರ ಅಕ್ಕನೇ ಫೋನ್ ಮಾಡಿದಳು. "ಬಂದು ಡಬ್ಬಗಳನ್ನ ಬಿಚ್ಕೊಂಡು ಹೋಗು. ಒಂದು ಕಿವಿಗೆ ಐದು ಯಾಕೆ? ಟಿವಿದೇ ಸಾಕು."

ಕಪ್ಪಿನ ಮೇಲೆ ತಟ್ಟೆ ಮುಚ್ಚಿ ಕಾಫಿ ಇಟ್ಟಿದ್ದಳು. ಕೆಲಸದ ಬಗ್ಗೆ ಕೇಳಿದಳು, ತೆಳ್ಳಗಾಗಿದ್ದೀಯ ಎಂದಳು. ಎಲ್ಲ ಮೊದಲಿನ ಹಾಗೆಯೇ ಇತ್ತು, ವೈರಪ್ಪ ಎನ್ನಲಿಲ್ಲ ಎಂಬುದೊಂದನ್ನು ಬಿಟ್ಟರೆ. ಆಮೇಲೆ ಸೋಫಾದಲ್ಲಿ ಕೂತು ಆಟ ಹಚ್ಚಿದಳು. ಟಿವಿಯ ಸಣ್ಣ ದನಿಯಲ್ಲಿ ಕಾರುಗಳು ನೊಣಗಳಂತೆ ಗುಂಯ್‌ಗುಡುತ್ತಿದ್ದವು.

ಸಾಮಾನ್ಯವಾಗಿ ಮುಂದಿನ ಸ್ಪೀಕರುಗಳನ್ನು ಮೊದಲು ಬಿಚ್ಚುತ್ತೇವೆ, ಅವು ಭಾರ. ನಾನು ಸ್ಟೂಲನ್ನು ಬಲ ಹಿಂದಿನ ಮೂಲೆಗೆ ಒಯ್ದೆ. ಅವಳ ಭುಜ, ಕುತ್ತಿಗೆ, ಆ ಕಿವಿ, ಕಿವಿಯಲ್ಲಿನ ಸಣ್ಣ ಓಲೆ ನನ್ನಿಂದ ನಾಲ್ಕಡಿ ದೂರದಲ್ಲಿದ್ದವು. ಸ್ಕ್ರೂಡ್ರೈವರ್ ಇಟ್ಟು ತಿರುಗಿಸುತ್ತ, ತೀರ ಮೆಲ್ಲಗೂ ಅಲ್ಲ, ಜೋರಾಗಿಯೂ ಅಲ್ಲ, ಹೇಳಿದೆ:

"ತಪ್ಪಾಯ್ತು ಅಕ್ಕ."

ಅವಳ ಕಾರು ತಿರುವು ದಾಟಿತು. ಇನ್ನೊಂದು ತಿರುವು ದಾಟಿತು. ಎಷ್ಟೋ ವಾರಗಳಿಂದ ಹೊತ್ತು ತಿರುಗಿದ ಮಾತನ್ನು ಎಲ್ಲಿ ನಿಂತು ಆಡಿದೆನೆಂದು ನನಗೆ ಆಗ ಗೊತ್ತಾಯಿತು. ಸ್ಟೂಲಿನಿಂದ ಇಳಿದು, ಸೋಫಾ ಬಳಸಿ, ಎಡಕ್ಕೆ ಹೋಗಿ ನಿಲ್ಲಲು ಐದು ಹೆಜ್ಜೆ ಸಾಕಿತ್ತು.

ಅವಳು ಆಟ ನಿಲ್ಲಿಸಿ, ಇಡೀ ಮೈಯನ್ನು ಹೊರಳಿಸಿ ನೋಡಿದಳು. "ಏನಾದ್ರೂ ಅಂದ್ಯಾ?"

"ಸ್ಕ್ರೂ ಬಿತ್ತು ಅಂದೆ."

"ಎಲ್ಲಿ, ಇಳೀಬೇಡ, ನಾನು ನೋಡ್ತೀನಿ" ಎಂದು ಅವಳು ಆಟದ ರಿಮೋಟ್ ಬದಿಗಿಟ್ಟು ನೆಲಕ್ಕೆ ಮೊಣಕಾಲೂರಿದಳು. ಸೋಫಾದ ಕೆಳಗೆ ಕೈ ಚಾಚಿ ತಡಕತೊಡಗಿದಳು. ಸ್ಕ್ರೂ ನನ್ನ ಮುಷ್ಟಿಯಲ್ಲಿತ್ತು. ಅವಳು ಹುಡುಕುತ್ತಲೇ ಇದ್ದಳು.