ಗಂಟೆ ಹೊಡೆದ ಮೇಲೆ ಏಳುತ್ತಾರೆ

ಸೋಫಾ ಬಾಗಿಲಲ್ಲಿ ಸಿಕ್ಕಿಹಾಕಿಕೊಂಡಿತ್ತು. ಹೊರಗಿನಿಂದ ಪಕ್ಕದ ಮನೆಯ ದರ್ಜಿ ಎಳೆಯುತ್ತಿದ್ದ, ಒಳಗಿನಿಂದ ಮಗಳು ತಳ್ಳುತ್ತಿದ್ದಳು. ನಡುಮನೆಯಲ್ಲಿ ಜಾಗ ಮಾಡದೆ ಅಮ್ಮನ ಶವಪೆಟ್ಟಿಗೆ ಇಳಿಸುವಂತಿರಲಿಲ್ಲ. ಅದನ್ನು ತಂದವರು ಬೀದಿಯಲ್ಲಿ ಗಾಡಿಗೆ ಒರಗಿ ಗಡಿಯಾರ ನೋಡಿಕೊಳ್ಳುತ್ತಿದ್ದರು.

“ಓರೆ ಮಾಡ್ರೀ, ಓರೆ,” ಎಂದಳು ಚಿಕ್ಕಮ್ಮ, ಕುರ್ಚಿಯಿಂದ ಏಳದೆ. ಅಕ್ಕ ಸತ್ತ ದುಃಖಕ್ಕಿಂತ ಸೋಫಾದ ಚಿಂತೆಯೇ ಅವಳಿಗೆ ಹೆಚ್ಚು ಒಗ್ಗಿತ್ತು. “ನಿಮ್ಮಮ್ಮ ಬದುಕಿದ್ದಾಗ್ಲೂ ಅಷ್ಟೇ. ಒಂದೂ ಸಲೀಸಾಗಿ ಆಗ್ತಿರ್ಲಿಲ್ಲ.”

“ಚಿಕ್ಕಮ್ಮ, ಮಕ್ಕಳನ್ನ ಕರ್ಕೊಂಡು ಬರ್ಬೇಡಿ ಅಂತ ಅಮ್ಮನ ಶಾಲೆಗೆ ಫೋನ್ ಮಾಡಿದ್ಯಾ?” ಎಂದಳು ಮಗಳು.

ಚಿಕ್ಕಮ್ಮ ಏನೋ ಅಂದಳು. ಮಗಳು ತಲೆ ತಿರುಗಿಸಿ, “ಈ ಕಡೆಯಿಂದ ಹೇಳು,” ಎಂದಳು.

“ಮಾಡ್ದೆ ಕಣೇ! ‘ಇದೂ ಅವ್ರಿಗೊಂದು ಪಾಠ’ ಅಂದ್ರು ಹೆಡ್ ಮೇಡಂ. ಆಗ್ಲೇ ಹೊರಟಾಗಿದೆಯಂತೆ.”

ಮಗಳ ಎಡಗಿವಿ ಕೇಳುವುದಿಲ್ಲ. ಚಿಕ್ಕಂದಿನಲ್ಲಿ ಚೆಂಡು ಬಡಿದದ್ದು ಎಂದು ನೆಂಟರೆಲ್ಲ ನಂಬಿದ್ದರು. ನಿಜ ಗೊತ್ತಿದ್ದವರು ಇಬ್ಬರೇ ಎಂದು ಮಗಳು ತಿಳಿದಿದ್ದಳು, ಆ ಇಬ್ಬರಲ್ಲಿ ಒಬ್ಬರು ಈಗ ಗಾಡಿಯಲ್ಲಿ ಮಲಗಿದ್ದರು.

*

ಬೇರೆ ಶಾಲೆಗಳು ‘ನಮ್ಮಿಂದಾಗದು’ ಎಂದು ಕೈತೊಳೆದುಕೊಂಡ ಮಕ್ಕಳ ಶಾಲೆ ಅದು. ಕಚ್ಚುವವರು, ಕಿಟಕಿ ಒಡೆಯುವವರು, ವರ್ಷಗಟ್ಟಲೆ ಬಾಯಿ ಬಿಡದವರು. ಓದೂ ಚಿಕಿತ್ಸೆಯೂ ಒಂದೇ ಸೂರಿನಡಿ. ಅಮ್ಮ ಅಲ್ಲಿ ಟೀಚರ್. ನಾಲ್ಕು ಜನರ ನಡುವೆ ಬಾಳುವುದು ಹೇಗೆಂದು ಕಲಿಸುವುದು ಅವರ ಕೆಲಸ. ಬಸ್ಸಿನಲ್ಲಿ ಸೀಟು ಕೇಳುವುದು, ‘ಇಲ್ಲ’ ಅನ್ನಿಸಿಕೊಳ್ಳುವುದು, ತಪ್ಪಿಗೆ ಕ್ಷಮೆ ಕೇಳುವುದು. ಯಾವುದನ್ನೂ ಬೋರ್ಡಿನ ಮೇಲೆ ಬರೆಯುತ್ತಿರಲಿಲ್ಲ, ಎಲ್ಲವನ್ನೂ ಆಡಿ ನೋಡಬೇಕಿತ್ತು.

ಶಾಲೆಯ ಕಾವಲುಗಾರ ಸತ್ತಾಗ ಒಬ್ಬ ಹುಡುಗ ಹೆಣ ನೋಡಿ ನಕ್ಕು ಸತ್ತವನ ಮನೆಯವರಿಂದ ಏಟು ತಿಂದ. ಅಂದಿನಿಂದ ಸಾವಿನ ಮನೆಯ ಪಾಠವೂ ಶುರುವಾಯಿತು. ಎರಡು ಬೆಂಚು ಜೋಡಿಸಿ ಟೀಚರೇ ಹೆಣವಾಗಿ ಮಲಗುತ್ತಿದ್ದರು, ಕೈಯಲ್ಲಿ ಒಂದು ಹಿತ್ತಾಳೆಯ ಗಂಟೆ. ಮಕ್ಕಳು ಸಾಲಾಗಿ ಬಂದು ಸತ್ತವರ ಬಗ್ಗೆ ಒಂದೊಂದು ಮಾತು ಹೇಳಿ ಹೋಗಿ ಕೂರಬೇಕು. ನಿಯಮ ಒಂದೇ: ಸಾವಿನ ಮನೆಯಲ್ಲಿ ಯಾರೂ ಸುಳ್ಳು ಹೇಳುವುದಿಲ್ಲ. ಕೊನೆಗೆ ಹೆಣ ಗಂಟೆ ಅಲ್ಲಾಡಿಸಿ ಎದ್ದು ಕೂರುತ್ತಿತ್ತು. ಆಗ ಎಲ್ಲರೂ ಚಪ್ಪಾಳೆ ತಟ್ಟಿ, ಕುರ್ಚಿಗಳನ್ನು ಗೋಡೆಗೆ ಸರಿಸಿ, ಟೀಚರ್ ಏನು ಹೇಳುತ್ತಾರೆಂದು ಕಾಯುತ್ತಾ ನಿಲ್ಲಬೇಕು.

ಒಮ್ಮೆ ಹೆಣಕ್ಕೆ ನಿಜವಾಗಿಯೂ ನಿದ್ದೆ ಹತ್ತಿಬಿಟ್ಟಿತು. ಗೊರಕೆಯೂ ಬಂತು. ಒಂದು ನಿಮಿಷ ನೆಟ್ಟಗೆ ಕೂರದ ಆ ಮಕ್ಕಳು ಗಂಟೆಗಾಗಿ ಮುಕ್ಕಾಲು ತಾಸು ಮಿಸುಕದೆ ಕಾದರು.

*

ವ್ಯಾನಿನಿಂದ ಆರು ಮಕ್ಕಳು ಇಳಿದರು. ಹೆಡ್ ಮೇಡಂ ಅಂಗಳದ ಬಾಡಿಗೆ ಕುರ್ಚಿಗಳನ್ನು ಸಾಲು ಮಾಡಿಸಿ, ಫೋಟೋ ತೆಗೆಯಲು ಡ್ರೈವರಿಗೆ ಫೋನು ಕೊಟ್ಟು, ಒಳಗೆ ಬಂದು ಮಗಳ ಕೈ ಹಿಡಿದರು.

“ನಿಮ್ಮ ತಾಯಿ ಮೂವತ್ತೆರಡು ವರ್ಷದಲ್ಲಿ ಒಂದು ಮಗುವಿನ ಮೇಲೂ ಕೈ ಎತ್ತಿದವರಲ್ಲ. ಅಂಥ ಸಹನೆ!”

ಮಗಳು ಕೈ ಬಿಡಿಸಿಕೊಂಡಳು.

*

ಆಗ ಅವಳಿಗೆ ಹತ್ತು ವರ್ಷ. ಆ ಸಂಜೆ ಅಮ್ಮ ಮಣಿಕಟ್ಟಿಗೆ ಬ್ಯಾಂಡೇಜು ಸುತ್ತಿಕೊಂಡು ಬಂದಿದ್ದಳು. ಯಾವುದೋ ಮಗು ಕಚ್ಚಿತ್ತು, ಅಲ್ಲಿ ಎಷ್ಟು ಕಚ್ಚಿಸಿಕೊಂಡರೂ ಕೈ ಎತ್ತುವಂತಿರಲಿಲ್ಲ. ಮಗಳು ಮೆಟ್ಟಿಲ ಮೇಲೆ ಕೂತು ಹಿತ್ತಾಳೆಯ ಗಂಟೆ ಬಾರಿಸುತ್ತಿದ್ದಳು. ನಿಲ್ಲಿಸು ಎಂದಳು ಅಮ್ಮ. ಮಗಳು ನಕ್ಕು ಇನ್ನೊಂದು ಸಲ ಬಾರಿಸಿದಳು. ಒಂದೇ ಏಟು.

ಡಾಕ್ಟರ ಮುಂದೆ ಅಮ್ಮ, “ಚೆಂಡು ಬಡೀತು,” ಎಂದು ಮಗಳ ಕೈಯನ್ನು ಹಿಸುಕಿದಳು. ಮಾರನೆಯ ದಿನ ಹೊಸ ಬೂಟು ಬಂತು, ಗಂಟೆ ಶಾಲೆಗೆ ಹೋಯಿತು. ಆ ಮಾತು ಮತ್ತೆ ಬರಲಿಲ್ಲ.

ಅಮ್ಮ ಹಾಸಿಗೆ ಹಿಡಿದ ನಾಲ್ಕು ತಿಂಗಳೂ ಮಗಳು ಕೇಳುವ ಕಿವಿಯನ್ನೇ ಅವಳತ್ತ ಇಟ್ಟು ಕೂತಳು. ಅಮ್ಮ ಕನ್ನಡಕ ಕೇಳಿದಳು, ಬಿಸಿನೀರು ಕೇಳಿದಳು. ಒಂದು ಮಧ್ಯಾಹ್ನ, “ನೋಡು...” ಎಂದು ಹೊದಿಕೆಯ ಅಂಚನ್ನು ಮಡಿಸಿ, ಮತ್ತೆ ಬಿಡಿಸಿ, “ಏನಿಲ್ಲ, ದಿಂಬು ಸ್ವಲ್ಪ ಮೇಲೆ ಮಾಡು,” ಎಂದಳು. ಮಗಳಿಗೆ ಆ ದಿಂಬನ್ನು ಅವಳ ಮುಖಕ್ಕೆ ಒತ್ತಿಬಿಡಬೇಕು ಅನ್ನಿಸಿತ್ತು. ದಿಂಬು ಮೇಲೆ ಮಾಡಿದಳು.

*

ನಡುಮನೆಯಲ್ಲಿ ಇಳಿಸಿದ್ದ ಪೆಟ್ಟಿಗೆಯ ಬಳಿಗೆ ಮಕ್ಕಳು ಸಾಲಾಗಿ ಬಂದರು. “ಟೀಚರ್ ಬಾಯಿ ವಾಸನೆ ಬರ್ತಿತ್ತು,” ಎಂದಿತು ಮೊದಲನೆಯದು. ಚಿಕ್ಕಮ್ಮ ಕೆಮ್ಮಿದಳು. “ನಂಗೆ ಬಸ್ಸು ಹತ್ತೋದು ಕಲಿಸಿದ್ರು,” ಎಂದಿತು ಇನ್ನೊಂದು. ಕೊನೆಯವಳು ಹನ್ನೆರಡರ ಹುಡುಗಿ. ಯಾವಾಗ ಸಿಡಿಯುತ್ತಾಳೋ ಗೊತ್ತಾಗದ್ದರಿಂದ ಶಾಲೆಗೆಲ್ಲ ಅವಳು ‘ಪಟಾಕಿ’. ಅವಳ ಕೈಯಲ್ಲಿ ಗಂಟೆ ಇತ್ತು, ಅದರ ನಾಲಗೆ ಸದ್ದು ಮಾಡದಂತೆ ಬೆರಳಲ್ಲಿ ಒತ್ತಿಹಿಡಿದಿದ್ದಳು.

“ನಾನು ಟೀಚರ್‌ಗೆ ಉಗಿದೆ. ಟೀಚರ್ ನಂಗೆ ಹೊಡೆದ್ರು,” ಎಂದಳು ಪಟಾಕಿ.

“ಸಾಕು ಪುಟ್ಟಾ, ಹೋಗಿ ಕೂತ್ಕೋ,” ಎಂದರು ಹೆಡ್ ಮೇಡಂ.

“ಮುಗಿದಿಲ್ಲ. ಮಾರನೇ ದಿನ ಕ್ಲಾಸಲ್ಲಿ ಎಲ್ಲರ ಮುಂದೆ ಕ್ಷಮೆ ಕೇಳಿದ್ರು. ನನ್ನ ಮಗಳಿಗೂ ಹೀಗೇ ಹೊಡೆದು ಕಿವಿ ಹಾಳು ಮಾಡಿದೀನಿ, ಅವಳನ್ನ ಕೇಳೋಕೆ ಧೈರ್ಯ ಸಾಲ್ತಿಲ್ಲ ಅಂತ ಅತ್ರು. ಅದಕ್ಕೇ ಅಭ್ಯಾಸ ಮಾಡ್ತಿದ್ರು. ಪ್ರತಿ ಶುಕ್ರವಾರ.”

“ಏನು ಅಭ್ಯಾಸ?” ಮಗಳು ಬಲಗಿವಿ ತಿರುಗಿಸಿ ಹತ್ತಿರ ಬಂದಳು.

“ಕ್ಷಮೆ ಕೇಳೋದು. ನಾನೇ ಮಗಳು. ಟೀಚರ್ ನನ್ನ ಎಡಗಿವಿ ಮುಟ್ಟಿ, ‘ತಪ್ಪಾಯ್ತು ಮಗಳೇ’ ಅಂತಿದ್ರು. ನಾನು ‘ಹೋಗ್ಲಿ ಬಿಡಮ್ಮ’ ಅಂತಿದ್ದೆ. ಚೆನ್ನಾಗಿ ಮಾಡ್ತೀಯ, ನೀನು ಹಾಗಂದ್ರೆ ಎದೆ ಹಗುರ ಆಗುತ್ತೆ ಅಂತಿದ್ರು.”

ಮಗಳು ಪೆಟ್ಟಿಗೆಯಲ್ಲಿದ್ದ ಮುಖವನ್ನು ನೋಡಿದಳು. ನೆಮ್ಮದಿಯಾಗಿತ್ತು. ಮೂವತ್ತು ವರ್ಷ ಅವಳು ಕಾದ ಮಾತನ್ನು ಯಾರದೋ ಮಗು ವಾರವಾರವೂ ಕೇಳಿತ್ತು. ಅವಳು ಕೊಡಬೇಕೋ ಬೇಡವೋ ಎಂದು ಬಿಗಿಹಿಡಿದಿದ್ದ ಕ್ಷಮೆಯನ್ನು ಅದೇ ಮಗು ಕೊಟ್ಟೂ ಆಗಿತ್ತು. ಅವಳ ಮೈಯೆಲ್ಲ ಉರಿಯಿತು.

ಪಟಾಕಿ ಗಂಟೆಯನ್ನು ಟೀಚರ ಬೆರಳುಗಳ ನಡುವೆ ಸಿಕ್ಕಿಸಿ, ಬೆಚ್ಚಿ ಕೈ ಹಿಂದಕ್ಕೆಳೆದುಕೊಂಡಳು. “ತಣ್ಣಗಿದ್ದಾರೆ.” ಆಮೇಲೆ ಮಗಳನ್ನು ನೋಡಿ ಪಿಸುಗುಟ್ಟಿದಳು: “ಅಕ್ಕಾ, ಇದು ನಿಜಾನಾ, ಅಭ್ಯಾಸಾನಾ?”

ಹೆಡ್ ಮೇಡಂ ಬಾಯಿ ತೆರೆಯುವ ಮೊದಲೇ ಮಗಳು ಬಗ್ಗಿದಳು. ಹುಡುಗಿಯ ಎಡಗಿವಿಯ ಬಳಿ ಬಾಯಿಟ್ಟು ಹೇಳಿದಳು:

“ಅಭ್ಯಾಸ. ಹೋಗಿ ಕೂತ್ಕೋ. ಗಂಟೆ ಹೊಡೆದ ಮೇಲೆ ಏಳ್ತಾರೆ.”

“ನಿಜವಾಗ್ಲೂ?”

“ಸಾವಿನ ಮನೇಲಿ ಯಾರಾದ್ರೂ ಸುಳ್ಳು ಹೇಳ್ತಾರಾ?”

ಪಟಾಕಿಯ ಮುಖ ಅರಳಿತು. ಓಡಿಹೋಗಿ ಸಾಲಿನಲ್ಲಿ ಕೂತು ಉಳಿದ ಐವರಿಗೂ ಸುದ್ದಿ ಮುಟ್ಟಿಸಿದಳು. “ಗಂಟೆ ತೆಗೆದುಬಿಡೇ, ಪಾಪ, ಶಾಲೇದು,” ಎಂದಳು ಚಿಕ್ಕಮ್ಮ. “ಇರ್ಲಿ,” ಎಂದು ಮಗಳು ತಾನೇ ಮುಚ್ಚಳ ಮುಚ್ಚಿದಳು.

ನಾಲ್ಕು ಜನ ಪೆಟ್ಟಿಗೆ ಎತ್ತಿದರು. ಮುಂದಿನ ಇಬ್ಬರು ಮೆಟ್ಟಿಲಿಳಿಯುವಾಗ ಪೆಟ್ಟಿಗೆ ವಾಲಿತು. ಒಳಗೆ ಗಂಟೆ ಒಂದು ಸಲ ಸ್ಪಷ್ಟವಾಗಿ ಹೊಡೆಯಿತು.

ಆರೂ ಮಕ್ಕಳು ಒಟ್ಟಿಗೆ ಎದ್ದು ಚಪ್ಪಾಳೆ ತಟ್ಟಿದರು. ಹೆಡ್ ಮೇಡಂ “ಶ್! ಶ್!” ಎನ್ನುತ್ತಿದ್ದಂತೆಯೇ ಕುರ್ಚಿಗಳನ್ನು ಎತ್ತಿ ಗೋಡೆಗೆ ಸರಿಸಿದರು, ಅಂಗಿ ಸರಿಮಾಡಿಕೊಂಡರು, ಗಾಡಿಯತ್ತ ಮುಖ ಮಾಡಿ ನಿಂತರು. ಗಾಡಿಯ ಬಾಗಿಲು ಮುಚ್ಚಿತು. ಗಾಡಿ ಬೀದಿಯ ಕೊನೆಗೆ ಹೋಗಿ ತಿರುಗಿತು. ವ್ಯಾನಿನ ಡ್ರೈವರು ಹಾರ್ನ್ ಮೇಲೆ ಹಾರ್ನ್ ಹೊಡೆದ.

“ಯಾರೂ ಅಲ್ಲಾಡ್ಬೇಡ್ರೋ,” ಎಂದಳು ಪಟಾಕಿ, ಕಣ್ಣು ಮಿಟುಕಿಸದೆ. “ಇನ್ನೇನು ಬಂದ್ರು.”