ಒಂದೊಂದೇ ಕೀಲಿ ಹಾಕಿ ನೋಡಿದವನು

"ನನ್ನ ಅಂಗಡೀಲಿ ನೇತಾಡ್ತಿರೋ ಅಷ್ಟೂ ಬೀಗದ ಮೇಲೆ ಆಣೆ, ಈಗ ಹೇಳೋದ್ರಲ್ಲಿ ಒಂದಕ್ಷರ ಸುಳ್ಳಿಲ್ಲ," ಎಂದ ಬೀಗದಂಗಡಿಯ ಮಾವ.

ಅಳಿಯ ನಗಲಿಲ್ಲ, ನಂಬಲೂ ಇಲ್ಲ. ಅಳತೆಯ ಟೇಪನ್ನು ಕೊರಳಿಗೆ ಹಾಕಿಕೊಂಡೇ ಎದ್ದು ಬಂದಿದ್ದ ದರ್ಜಿ ಅವನು. ಹಿಂದೆಯೂ ಮಾವ ಹೀಗೇ ಆಣೆ ಇಟ್ಟು, ಬಾಗಿಲಿಗೆ ಕಿವಿಯಿಟ್ಟು ಒಳಗಿನವರ ವಯಸ್ಸು ಹೇಳಬಲ್ಲೆ ಎಂದಿದ್ದ. ಮದುವೆಯಾದ ಹೊಸದರಲ್ಲಿ ಅಳಿಯ ಅದನ್ನು ನಂಬಿದ್ದೂ ಉಂಟು.

ಇಬ್ಬರೂ ಟಿಬಿ ಆಸ್ಪತ್ರೆಯ ಹೊರಗಿನ ಬೆಂಚಿನ ಮೇಲೆ ಕೂತಿದ್ದರು. ಎಡಕ್ಕೆ ಕೂತಿದ್ದ ಅಳಿಯನನ್ನು ಮಾವ ಎಬ್ಬಿಸಿ ಬಲಕ್ಕೆ ಕೂರಿಸಿಕೊಂಡಿದ್ದ. ಅಳಿಯನ ತೊಡೆಯ ಮೇಲೆ ಮಾತ್ರೆಯ ಚೀಲ. ಎರಡು ತಿಂಗಳು ನುಂಗಿದ್ದ. ಕೆಮ್ಮು ನಿಂತಿತ್ತು, ಮೈ ತುಂಬಿಕೊಂಡಿತ್ತು, ಮಾತ್ರೆ ಕಂಡರೆ ಮಾತ್ರ ವಾಕರಿಕೆ. ಇನ್ನೂ ನಾಲ್ಕು ತಿಂಗಳು ಯಾರಿಗೆ ಬೇಕು ಎಂದು ಚೀಲವನ್ನು ವಾಪಸ್ ಕೊಡಲು ಬಂದಿದ್ದ. ಕಿಟಕಿಯಾಚೆಯ ಸಿಸ್ಟರ್, ಹಿಂದೆ ಮಾವನಿಗೂ ಇಲ್ಲೇ ಮಾತ್ರೆ ಕೊಟ್ಟವಳು, ಅದನ್ನು ಮುಟ್ಟಲಿಲ್ಲ. ಮಾವನಿಗೆ ಫೋನ್ ಮಾಡಿ, "ಅಳಿಯಂದ್ರು ಬಂದಿದಾರೆ. ಒಂದು ಸಲ ನಿಜ ಹೇಳಿ," ಎಂದಷ್ಟೇ ಅಂದು ಇಟ್ಟುಬಿಟ್ಟಿದ್ದಳು.

ನಿಜ ಹೇಳುವ ಕಸುಬು ಮಾವನಿಗೆ ರೂಢಿಯಿರಲಿಲ್ಲ. ಆದರೆ ಮಗಳ ಮನೆಯಲ್ಲಿ ಎಂಟು ತಿಂಗಳ ಕೂಸಿತ್ತು, ಅಪ್ಪನ ಎದೆಯ ಮೇಲಲ್ಲದೆ ಬೇರೆಲ್ಲೂ ಮಲಗದ ಕೂಸು. ಆ ಎದೆಗೆ ಕೆಮ್ಮು ಮರಳಿ ಬಂದರೆ, ಅದೂ ಔಷಧಿಗೆ ಬಗ್ಗದ ಕೆಮ್ಮಾಗಿ ಬಂದರೆ? ಮಾವ ಗಂಟಲು ಸರಿಮಾಡಿಕೊಂಡ.

"ಬೇಗ ಹೇಳಿ ಮಾವ, ಕೋಟಿನ ಗಿರಾಕಿ ಕಾಯ್ತಾ ಇದಾರೆ."

"ಐದು ವರ್ಷದ ಹಿಂದೆ ನಂಗೂ ಇದೇ ಕಾಯಿಲೆ ಬಂದಿತ್ತಲ್ಲ, ನಾಲ್ಕು ತರದ ಮಾತ್ರೆ ಕೊಟ್ರು. ಒಟ್ಟಿಗೆ ನುಂಗು ಅಂದ್ರು. ನಾನ್ಯಾರು? ಬೀಗದೋನು. ಒಂದು ಬಾಗಿಲಿಗೆ ನಾಲ್ಕು ಕೀಲಿ ಒಟ್ಟಿಗೆ ತೂರಿಸ್ತಾರಾ ಯಾರಾದ್ರೂ? ಒಂದೊಂದೇ ಹಾಕಿ ನೋಡ್ಬೇಕು. ಅದಕ್ಕೇ ಬರೀ ಕೆಂಪು ಮಾತ್ರೆ ನುಂಗಿದೆ. ಮಿಕ್ಕ ಮೂರನ್ನ ದಿನಾ ಬಿಡಿಸಿ ತುಕ್ಕು ಹಿಡಿದ ಕೀಲಿ ಡಬ್ಬಿಗೆ ಹಾಕ್ತಿದ್ದೆ. ನಿಮ್ಮತ್ತೆ ಮಾತ್ರೆಯ ಖಾಲಿ ಪಟ್ಟಿ ನೋಡಿ ಎಷ್ಟು ಖುಷಿಪಡ್ತಿದ್ಲು ಅಂತೀರಿ!"

ಅಳಿಯ ಈಗ ತಿರುಗಿ ನೋಡಿದ. "ನಕಲಿ ಮಾತ್ರೆ ಕೊಟ್ಟು ಮೋಸ ಮಾಡಿದ್ರು ಅಂತಿದ್ರಲ್ಲ?"

"ಮೋಸ ಮಾಡಿದ್ದು ನಾನೇ. ಕೆಮ್ಮು ಹೋಯ್ತು, ಮೂರನೇ ತಿಂಗಳು ವಾಪಸ್ ಬಂತು. ಸರಿ, ಬಿಳಿ ಮಾತ್ರೆ ಹಾಕಿ ನೋಡಿದೆ. ಮತ್ತೆ ಹೋಯ್ತು, ಮತ್ತೆ ಬಂತು. ಯಾಕೆ ಗೊತ್ತಾ? ಎದೆಯೊಳಗಿನ ಟಿಬಿ ಹುಳಗಳೆಲ್ಲ ಸಭೆ ಸೇರಿ, ಒಂದು ಮುದಿ ಹುಳ ಕುರ್ಚಿ ಮೇಲೆ ನಿಂತು..."

"ಮಾವ."

"ಸಭೆ ಸುಳ್ಳು," ಎಂದ ಮಾವ, ಕದ್ದ ಮಾಲು ಒಪ್ಪಿಸುವವನಂತೆ. "ಕುರ್ಚೀನೂ ಸುಳ್ಳು. ಅವಕ್ಕೆ ಬುದ್ಧಿ ಇಲ್ಲ, ಏನೂ ಕಲಿಯೋದೂ ಇಲ್ಲ. ಒಂದೊಂದು ಹುಳಾನೂ ಒಂದೊಂದು ಬೀಗ ಅಂದ್ಕೊಳ್ಳಿ. ಒಂದು ಎರಡಾಗೋವಾಗ ಅದನ್ನ ಹೇಗೆ ಕಟ್ಬೇಕು ಅನ್ನೋ ಒಳಗಿನ ಬರಹ ಪೂರ್ತಿ ನಕಲಾಗ್ಬೇಕು. ಕೋಟಿಗಟ್ಲೆ ನಕಲಲ್ಲಿ ಎಲ್ಲೋ ಒಂದು ತಪ್ಪಾಗುತ್ತೆ, ಕೀಲಿ ಉಜ್ಜೋವಾಗ ನನ್ನ ಅರ ಜಾರಲ್ವಾ, ಹಾಗೆ. ಬೀಗದೊಳಗೆ ಒಂದು ಹಲ್ಲು ಸೊಟ್ಟ. ಕೆಂಪು ಕೀಲಿ ತಿರುಗಲ್ಲ. ಸುಮ್ನೆ ಬಿಟ್ಟಿದ್ರೆ ಅದು ಯಾರೂ ಕೇಳದ ಮೂಲೆ ಹುಳ. ನಾನೇನು ಮಾಡಿದೆ? ಕೆಂಪು ಮಾತ್ರೇಲಿ ಅದರ ಅಕ್ಕಪಕ್ಕದೋರನ್ನೆಲ್ಲ ಸಾಯಿಸಿ, ಇಡೀ ಮನೆ ಅದಕ್ಕೇ ಬಿಟ್ಟುಕೊಟ್ಟೆ. ಅದರ ಮಕ್ಕಳು ಮೊಮ್ಮಕ್ಕಳು ಕೋಟಿ ಆದ್ವು, ಎಲ್ಲಕ್ಕೂ ಅದೇ ಸೊಟ್ಟ ಹಲ್ಲು. ಅವುಗಳಲ್ಲೊಂದಕ್ಕೆ ಇನ್ನೊಂದು ತಪ್ಪು, ಬಿಳಿ ಕೀಲೀನೂ ತಿರುಗಲ್ಲ. ಅದನ್ನ ಬಿಳಿ ಮಾತ್ರೆ ಕೊಟ್ಟು ಸಾಕಿದೆ."

"ನಾಲ್ಕೂ ಒಟ್ಟಿಗೆ ನುಂಗಿದ್ರೆ?"

"ಕೆಂಪಿಂದ ತಪ್ಪಿಸ್ಕೊಂಡಿದ್ದನ್ನ ಬಿಳಿ ಹಿಡಿಯುತ್ತೆ, ಬಿಳಿಯಿಂದ ತಪ್ಪಿಸ್ಕೊಂಡಿದ್ದನ್ನ ಮಿಕ್ಕಿದ್ದು. ಒಂದೇ ಹುಳಕ್ಕೆ ನಾಲ್ಕೂ ಹಲ್ಲು ಸೊಟ್ಟಗಿರೋದು, ನಾನು ಒಂದಿಡೀ ದಿನ ನಿಜ ಹೇಳಿದಷ್ಟೇ ಅಪರೂಪ."

ಅಳಿಯನ ತುಟಿ ಅಲುಗಿತು. "ನಂಗೆ ಕೆಮ್ಮೇ ಇಲ್ವಲ್ಲ ಮಾವ. ನನ್ನವು ಎಲ್ಲಾ ಸತ್ತಿವೆ."

"ಎಚ್ಚರ ಇದ್ದವು ಸತ್ತಿವೆ. ಮೂಲೇಲಿ ನಿದ್ದೆ ಹೊಡೀತಿರೋವು ಉಳಿದಿವೆ. ಅವನ್ನ ಮುಗಿಸೋಕೇ ಇನ್ನು ನಾಲ್ಕು ತಿಂಗಳು." ಮಾವ ಎಡಗಿವಿಯನ್ನು ಮುಟ್ಟಿಕೊಂಡ. "ನನ್ನ ಕಿವಿ ಇದೆಯಲ್ಲ..."

"ತಿಜೋರಿ ಸಿಡಿದು ಕಿವುಡಾಗಿದ್ದು ಅಂತಿದ್ರಿ."

"ಯಾವ ತಿಜೋರೀನೂ ಸಿಡೀಲಿಲ್ಲ. ಎರಡು ಕೀಲಿ ನಾನೇ ಕೆಡಿಸ್ಕೊಂಡ ಮೇಲೆ ಸೂಜಿ ಚುಚ್ಚಿದ್ರು, ತಿಂಗಳುಗಟ್ಲೆ. ಆರು ತಿಂಗಳಿಗೆ ಮುಗೀಬೇಕಾದ್ದು ಎರಡು ವರ್ಷ ಆಯ್ತು. ಹುಳ ಸತ್ವು. ಆ ಔಷಧೀಲೇ ಎಡಗಿವೀನೂ ಹೋಯ್ತು. ಬೀಗದೊಳಗಿನ ಟಿಕ್ ಕೇಳ್ತಿದ್ದ ಕಿವಿ ಅದು. ಈಗ ಕೂಸು ಎಡಗಡೆ ಕೂತು ನಕ್ರೆ ನಂಗೆ ಬಾಯಿ ಮಾತ್ರ ಕಾಣುತ್ತೆ."

ಅಳಿಯ ಟೇಪಿನ ತುದಿಯನ್ನು ಬೆರಳಿಗೆ ಸುತ್ತಿದ, ಬಿಚ್ಚಿದ.

"ಈಗ ಆ ಸೂಜಿ ಬೇಕಾಗಲ್ವಂತೆ, ಹೊಸ ಮಾತ್ರೆ ಬಂದಿವೆಯಂತೆ," ಎಂದ ಮಾವ. "ನಿಮಗೆ ಅದೂ ಬೇಡ. ಸಿಸ್ಟರ್ ಪರೀಕ್ಷೆ ಮಾಡಿಸಿದಾರೆ. ನಿಮ್ಮವು ಇನ್ನೂ ಹಳೇ ಕೀಲಿಗೇ ತಿರುಗೋ ಬೀಗಗಳು."

ಅಳಿಯ ಚೀಲದೊಳಗೆ ಇಣುಕಿದ. ಮಾವನ ಕಥೆ ಮುಗಿದಾಗ ಜನ ನಗುತ್ತಿದ್ದರು, ಇಲ್ಲವೇ ಬೈಯುತ್ತಿದ್ದರು. ಎರಡೂ ಇಲ್ಲದಾಗ ಏನು ಮಾಡಬೇಕೆಂದು ಮಾವನಿಗೆ ತಿಳಿಯಲಿಲ್ಲ. ಗಾಬರಿಯಾಗಿ ಬಾಯಿಗೆ ಬಂದ ಹಳೇ ಕಥೆಯನ್ನೇ ಹಿಡಿದುಕೊಂಡ.

"ಆದ್ರೆ ತಿಜೋರಿ ಇದ್ದಿದ್ದು ನಿಜ, ಅಳಿಯಂದ್ರೇ. ಬಾಗಿಲು ತೆಗೆದ್ರೆ ಒಳಗೆ ಇನ್ನೊಂದು ತಿಜೋರಿ..."

ಅಳಿಯ ಚೀಲ ಹಿಡಿದು ಎದ್ದ. ಮಾವನೂ ಅವನ ಜೊತೆಗೇ ಅರ್ಧ ಎದ್ದ. ಬಾಯಿ ಮಾತ್ರ ನಿಲ್ಲಲಿಲ್ಲ.

"...ಅದನ್ನೂ ತೆಗೆದೆ. ಅದರೊಳಗೆ ಮತ್ತೊಂದು..."

ಅಳಿಯ ಗೇಟಿನ ಕಡೆ ಹೋಗಲಿಲ್ಲ, ಕಿಟಕಿಯ ಕಡೆ ಹೋದ. ಚೀಲಕ್ಕೆ ಕೈ ಹಾಕಿ ಪಟ್ಟಿ ಹೊರಗೆ ತೆಗೆದು, ಇವತ್ತಿನ ಮಾತ್ರೆಗಳನ್ನು ಅಂಗೈಗೆ ಬಿಡಿಸಿಕೊಂಡ, ಎಲ್ಲವನ್ನೂ ಒಟ್ಟಿಗೆ. ಸಿಸ್ಟರ್ ನೀರಿನ ಲೋಟವನ್ನು ಮುಂದೆ ತಳ್ಳಿದಳು.

"ಕೇಳಿ ಇಲ್ಲಿ ಅಳಿಯಂದ್ರೇ, ಮುಖ್ಯವಾದ್ದು ಈಗ ಬರ್ತಿದೆ! ಆ ಮೂರನೇ ತಿಜೋರಿಯೊಳಗೆ ಒಬ್ಬ ಮುದುಕ ಕಾಲು ಚಾಚ್ಕೊಂಡು ಕೂತಿದ್ದ, ನನ್ನ ನೋಡಿದ್ದೇ ತಡ, ಎದ್ದು ನಿಂತು—"