ಬಿಚ್ಚಲು ಬರುವ ವೆಬ್‌ಸೈಟ್

ಬಟ್ಟೆ ಅಂಗಡಿಯ ಮೆಟ್ಟಿಲ ಕೆಳಗೆ ಹತ್ತೊಂಬತ್ತು ವರ್ಷ ಹೊಲಿದವಳಿಗೆ ಒಂದು ಬೋರ್ಡೂ ಇರಲಿಲ್ಲ. ಪ್ಯಾಂಟಿನ ಸೊಂಟ ಬಿಗಿಯಾದವರು, ಕೋಟಿನ ತೋಳು ಉದ್ದವಾದವರು ಎಲ್ಲರೂ ಅವಳನ್ನು ಮೆಟ್ಟಿಲಕ್ಕ ಎನ್ನುತ್ತಿದ್ದರು. ನಿಜವಾದ ಹೆಸರು ಕೇಳುವ ಗೋಜಿಗೆ ಯಾರೂ ಹೋಗಿರಲಿಲ್ಲ. ಈಗ ಆ ಅಂಗಡಿ ಮುಚ್ಚಿತು. ಮೆಟ್ಟಿಲಕ್ಕ ಎರಡು ಬೀದಿ ಆಚೆಯ ಮೊದಲ ಮಹಡಿಗೆ ಹೋಗಬೇಕಾಯಿತು. ಹಳೆಯ ಅಂಗಡಿಯ ಬಾಗಿಲಿಗೆ ಅಂಟಿಸಿದ್ದ ಹೊಸ ವಿಳಾಸದ ಚೀಟಿಯನ್ನು ಬಣ್ಣ ಬಳಿಯುವವರು ಎರಡೇ ದಿನಕ್ಕೆ ಕಿತ್ತು ಬಿಸಾಕಿದರು. ಹಳೆಯ ಗಿರಾಕಿಗಳು ದಾರಿ ತಪ್ಪಿದರೆ ಹೊಲಿಗೆಯಂತ್ರದ ಮುಂದೆ ನೊಣ ಹೊಡೆಯುತ್ತಾ ಕೂರುವುದೇ ಗತಿ. ವೆಬ್‌ಸೈಟ್ ಮಾಡಿಯೇ ಸಿದ್ಧ ಎಂದು ಅವಳು ಹಟ ಹಿಡಿದಳು.

ಕಂಪ್ಯೂಟರ್ ಮಾರುವ ಮೈದುನ ಎಲ್ಲ ಬಲ್ಲವನು, ಅಥವಾ ಹಾಗೆಂದು ಅವನೇ ಹೇಳುತ್ತಿದ್ದ.

"ಅತ್ತಿಗೆ, ನಿಮಗೆ ಕೋಡಿಂಗ್ ಬರಲ್ಲ. ಇದು ನಿಮ್ಮ ಕೈಲಿ ಆಗೋ ಕೆಲಸ ಅಲ್ಲ."

"ಕೋಡಿಂಗ್ ಬೇಡದ ಸಾಫ್ಟ್‌ವೇರ್ ಇವೆಯಂತಲ್ಲ, ಅದರ ಹೆಸರು ಬರೆದುಕೊಡು. ಉಳಿದದ್ದು ನಾನು ನೋಡ್ಕೋತೀನಿ."

ಅವನು ಮೂರು ಹೆಸರು ಬರೆದು ಮೊದಲನೆಯದರ ಕೆಳಗೆ ಎರಡು ಗೆರೆ ಎಳೆದ. ಮೂರನ್ನೂ ಎರಡು ವಾರ ಪುಕ್ಕಟೆಯಾಗಿ ಬಳಸಿ ನೋಡಬಹುದಿತ್ತು. ಮೆಟ್ಟಿಲಕ್ಕ ಕತ್ತರಿ, ಸೀಮೆಸುಣ್ಣ ಸರಿಸಿ ಲ್ಯಾಪ್‌ಟಾಪ್ ಇಟ್ಟಳು. ಬಟ್ಟೆ ಯಾವುದೇ ಇರಲಿ, ಮೊದಲು ಒಂದು ಕಚ್ಚಾ ಹೊಲಿಗೆ ಹಾಕಿ, ಎಳೆದು, ಬಿಚ್ಚಿ ನೋಡುವುದು ಅವಳ ರೂಢಿ. ಇಲ್ಲೂ ಅದನ್ನೇ ಮಾಡಿದಳು. ಮೂರರಲ್ಲೂ ಒಂದೊಂದು ಪುಟ ಕಟ್ಟಿ, ಬೇಕೆಂದೇ ಕೆಡಿಸಿದಳು.

ಮೊದಲನೆಯದು ಕಣ್ಣು ಕುಕ್ಕುವಷ್ಟು ಚೆಂದ. ಆದರೆ ವಿನ್ಯಾಸ ಬದಲಿಸಹೋದರೆ ಎಲ್ಲವನ್ನೂ ಮತ್ತೆ ಮೊದಲಿಂದ ಮಾಡಿ ಎಂದಿತು.

"ಸೊಂಟ ಒಂದಿಂಚು ಬಿಡಿಸೋಕೆ ಇಡೀ ಪ್ಯಾಂಟ್ ಹೊಸದಾಗಿ ಹೊಲಿ ಅಂತಾನಲ್ಲ ಇವನು!" ಎಂದು ಬೈದು ಮುಚ್ಚಿದಳು.

ಎರಡನೆಯದರಲ್ಲಿ ಬಟನ್‌ಗಳ ಜಾತ್ರೆ. ಫೋಟೋ ಸರಿಸಿದರೆ ಬರಹ ಎಲ್ಲಿಗೋ ಪರಾರಿ. ಮೊಬೈಲಿನಲ್ಲಿ ನೋಡಿದರೆ ವಿಳಾಸ ಅರ್ಧಕ್ಕೇ ತುಂಡು. ಮೂರನೆಯದು ನೋಡಲು ಸಪ್ಪೆ. ಆದರೆ ಎಷ್ಟೇ ಕೆಡಿಸಿದರೂ ನಿನ್ನೆಯ ಪುಟ ಹಾಗೆಯೇ ವಾಪಸ್ ಬರುತ್ತಿತ್ತು. ಬೇಡವಾದ ದಿನ ಫೋಟೋ, ಬರಹ ಎಲ್ಲ ಕಟ್ಟಿಕೊಂಡು ಬೇರೆ ಕಡೆ ಹೋಗಲೂ ಅವಕಾಶವಿತ್ತು.

"ಇವನು ನೋಡು, ಮುಂದೆ ಬಿಡಿಸೋಕೆ ಅಂತ ಒಳಗೆ ಎರಡು ಬೆರಳು ಬಟ್ಟೆ ಬಿಟ್ಟಿದಾನೆ. ಇದೇ ಇರಲಿ."

"ಕಟ್ಟೋಕೆ ಮುಂಚೆನೇ ಬಿಚ್ಚೋ ಯೋಚನೆನಾ ಅತ್ತಿಗೆ?"

"ನನ್ನ ಹೊಟ್ಟೆಪಾಡೇ ಬಿಚ್ಚೋದು ಕಣಪ್ಪ."

ಮೈದುನ ಒಂದಕ್ಕೆ ಮಾತ್ರ ಜಗ್ಗಲಿಲ್ಲ: ಅಡ್ಡಹೆಸರು ಚೆನ್ನಾಗಿರಲ್ಲ, ಪುಟದ ಮೇಲೆ ನಿಜವಾದ ಹೆಸರೇ ಇರಬೇಕು. ಹೋಗಲಿ ಎಂದು ಅವಳು ಒಪ್ಪಿದಳು. ಆಮೇಲೆ ಅವಳು ಹಾಕಿದ್ದ ತನ್ನ ಹೊಲಿಗೆಯ ಫೋಟೋಗಳನ್ನು ನೋಡಿದವನೇ ಅವನು ತಲೆ ಹಿಡಿದುಕೊಂಡ.

"ಎಲ್ಲಾ ಬಟ್ಟೆನೂ ಉಲ್ಟಾ ಹಾಕಿದೀರಲ್ಲ! ಜನ ನಗ್ತಾರೆ."

ಅವಳಿಗೆ ಅದು ಹೊಳೆದೇ ಇರಲಿಲ್ಲ. ದಿನವಿಡೀ ನೋಡುವುದು ಒಳಮಗ್ಗುಲನ್ನೇ. ಅವಳ ಪಾಲಿಗೆ ಬಟ್ಟೆಯ ಮುಖ ಅದೇ. ಒಂದು ಗಳಿಗೆ ನಾಚಿಕೆಯಾಯಿತು, ನಿಜ.

"ಹೊರಗಡೆ ಯಾರು ಬೇಕಾದ್ರೂ ಇಸ್ತ್ರಿ ಹೊಡೆದು ಮಿಂಚಿಸ್ತಾರೆ. ಹಾಗೇ ಇರಲಿ ಬಿಡು" ಎಂದು ಪ್ರಕಟಿಸುವ ಬಟನ್ ಒತ್ತಿಯೇಬಿಟ್ಟಳು.

ಹೊಸ ಕೋಣೆಗೆ ಮೂರು ದಿನ ಒಂದು ನರಪಿಳ್ಳೆಯೂ ಬರಲಿಲ್ಲ. ಎರಡು ದಿನ ಅವಳು ಜಗ್ಗಲಿಲ್ಲ. ಮೂರನೆಯ ದಿನ ಒಂದೇ ಕರವಸ್ತ್ರಕ್ಕೆ ಎರಡು ಸಲ ಇಸ್ತ್ರಿ ಹಾಕಿದಳು. ನಾಲ್ಕನೆಯ ದಿನ ಮಧ್ಯಾಹ್ನ, ವರ್ಷಕ್ಕೊಮ್ಮೆ ಸೊಂಟ ಬಿಡಿಸಿಕೊಳ್ಳುತ್ತಿದ್ದ ಬಸ್ ಡ್ರೈವರ್ ಏದುಸಿರು ಬಿಡುತ್ತಾ ಬಾಗಿಲಲ್ಲಿ ನಿಂತಿದ್ದ.

"ಎಷ್ಟು ಹುಡುಕ್ಸಿಬಿಟ್ರಿ ಅಕ್ಕ! ಫೋನಲ್ಲಿ ಐದು ಜನ ಟೈಲರ್ ಬಂದ್ರು. ನಿಮ್ಮ ಪುಟದ ಮೇಲಿರೋ ಹೆಸರು ನೋಡಿ ಬೇರೆ ಯಾರೋ ಅಂದ್ಕೊಂಡು ಮುಂದೆ ಹೋಗಿಬಿಟ್ಟಿದ್ದೆ."

"ಮತ್ತೆ ಹೇಗೆ ಗೊತ್ತಾಯ್ತು?"

ಅವನು ಚೀಲದಿಂದ ಖಾಕಿ ಪ್ಯಾಂಟ್ ತೆಗೆದು, ಒಳಮಗ್ಗುಲು ಹೊರಗೆ ಮಾಡಿ ಮೇಜಿನ ಮೇಲೆ ಹರಡಿದ.

"ಫೋಟೋ ಪಕ್ಕದಲ್ಲಿ ಇಟ್ಟು ನೋಡಿದೆ. ಹೊಲಿಗೆ ಮುಗಿಯೋ ಕಡೆ ಹೀಗೆ ಮೂರು ಸಲ ಹಿಂದೆ ಮುಂದೆ ಓಡಿಸೋರು ನೀವೊಬ್ಬರೇ."

ಹತ್ತೊಂಬತ್ತು ವರ್ಷದಲ್ಲಿ ಆ ಜಾಗವನ್ನು ಯಾರಾದರೂ ನೋಡಿರಬಹುದು ಎಂದು ಅವಳು ಕನಸಲ್ಲೂ ಎಣಿಸಿರಲಿಲ್ಲ. ಸಂತೋಷದಲ್ಲಿ ಅಳತೆಯ ಟೇಪು ಕೈಗೆತ್ತಿಕೊಂಡಳು.

"ನಾನೇ" ಎಂದಳು. "ಸೊಂಟ ಎಷ್ಟು ಬಿಡಿಸಬೇಕು?"

"ತಾಳಿ" ಎಂದವನೇ ಡ್ರೈವರ್ ಮೆಟ್ಟಿಲ ತುದಿಗೆ ಹೋಗಿ, ಕೆಳಗೆ ಬಟ್ಟೆಯ ಚೀಲ ಹಿಡಿದು ಕಾಯುತ್ತಿದ್ದ ಹಳೆಯ ಗಿರಾಕಿಗಳತ್ತ ಬಗ್ಗಿ, ಬಸ್ ನಿಲ್ದಾಣದಲ್ಲಿ ಕೂಗುವ ಗಂಟಲಲ್ಲಿ ಕೂಗಿದ: "ಇವರೇ ಕಣ್ರೋ! ಎಲ್ಲರೂ ಬನ್ನಿ ಮೇಲಕ್ಕೆ!"